ಅಪ್ಪನ ಇಂಗ್ಲೀಷ್ ಅರ್ಜಿ

ಮುಧೋಳದ ದವಾಖಾನೆಯಲ್ಲಿ ಅಪ್ಪ ಕಂಪೌಂಡರ್ ಆಗಿದ್ದ. ಹಾಗೆಂದು ಹೇಳುವ ಕಾಗದ ಒಂದೂ ಇರಲಿಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ ಸಂಸ್ಥಾನದ ಯಾರೋ ಅಧಿಕಾರಿ ಅವನತ್ತ ಬೆರಳು ತೋರಿಸಿ, ನಾಳೆಯಿಂದ ದವಾಖಾನೆಗೆ ಹೋಗು ಎಂದಿದ್ದರಂತೆ. ಅಪ್ಪ ಹೋದ, ಆಮೇಲೆ ದಿನಾ ಹೋಗುತ್ತಲೇ ಇದ್ದ. ಔಷಧ ಕೂಡಿಸುವುದನ್ನು ಅಲ್ಲಿದ್ದ ಮುದುಕ ಕಂಪೌಂಡರ್ ಕಲಿಸಿಕೊಟ್ಟ. ಮುದುಕ ತೀರಿಕೊಂಡ ಮೇಲೆ ಅವನ ಸ್ಟೂಲು ಅಪ್ಪನದಾಯಿತು. ಅಷ್ಟೇ ನೇಮಕಾತಿ.

ಸಂಸ್ಥಾನ ಮುಂಬೈ ಸರಕಾರದಲ್ಲಿ ಸೇರಿದ ಮರುವರ್ಷ ಡಾಕ್ಟರರು ಅಪ್ಪನನ್ನು ಕರೆದು ಹೇಳಿದರು. ಹಳೆಯ ನೌಕರರೆಲ್ಲ ತಮ್ಮ ತಮ್ಮ ವಿವರ ಬರೆದು ಕೊಡಬೇಕು. ಓದು ಎಷ್ಟು, ಯಾವ ಪರೀಕ್ಷೆ ಪಾಸಾಗಿದೆ, ಎಷ್ಟು ವರ್ಷದಿಂದ ಯಾವ ಕೆಲಸ, ಏನೇನು ಬರುತ್ತದೆ. ಎಲ್ಲವೂ ಇಂಗ್ಲೀಷಿನಲ್ಲಿ. ಅದನ್ನು ನೋಡಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಬಿಡುವುದು ಎಂದು ವಿಜಾಪುರದಲ್ಲಿ ನಿರ್ಧಾರವಾಗುತ್ತದೆ. ತಿಂಗಳೊಳಗೆ ಅರ್ಜಿ ಮುಟ್ಟಬೇಕು.

ಅಪ್ಪ ಮನೆಗೆ ಬಂದು ರುಮಾಲು ಗೂಟಕ್ಕೆ ಹಾಕಿ ಕುಳಿತ.

"ಇಪ್ಪತ್ತೆರಡು ವರ್ಷ ಆತು. ಈ ಊರಾಗ ನನಗ ಗೊತ್ತಿಲ್ಲದ ಹೊಟ್ಟಿಬ್ಯಾನಿ ಇಲ್ಲ. ಈಗ ನಾ ಯಾರು ಅಂತ ನಾನ ಬರದು ಕೊಡಬೇಕಂತ."

"ಊರಿಗೆ ಗೊತ್ತೈತ್ರಿ, ಮುಂಬೈಗೆ ಗೊತ್ತಿಲ್ಲಲ್ಲ" ಎಂದಳು ಅವ್ವ.

ಮನೆಯಲ್ಲಿ ನಾವು ಐದು ಮಂದಿ. ಹೊಲವಿಲ್ಲ, ಮಗ್ಗವಿಲ್ಲ. ನಲವತ್ತೈದು ದಾಟಿದ್ದ ಅಪ್ಪನಿಗೆ ಬಾಟಲಿ ಮತ್ತು ತಕ್ಕಡಿ ಬಿಟ್ಟರೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಆ ಕೆಲಸ ಹೋದರೆ ಮುಂದೇನು ಎಂಬ ಮಾತನ್ನು ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಆಡಲಿಲ್ಲ.

ನನಗೆ ಆಗ ಹದಿನಾರು. ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದೆ. ಕನ್ನಡ, ಮರಾಠಿ ಎರಡನ್ನೂ ಸರಾಗವಾಗಿ ಓದುತ್ತಿದ್ದೆ. ಇಂಗ್ಲೀಷಿನ ಮಟ್ಟಿಗೆ ಮನೆಯಲ್ಲಿ ಅಪ್ಪನೇ ಪಂಡಿತ. ಟಿಂಚರ್ ಅಯೋಡಿನ್, ಕ್ವಿನೈನ್, ಬೋರಿಕ್, ಕಾರ್ಬಾಲಿಕ್ ಎಂದು ಬಾಟಲಿಯ ಮೇಲಿನ ಹೆಸರನ್ನು ಮಾರು ದೂರದಿಂದ ಓದುತ್ತಿದ್ದ. ಬಾಟಲಿ ಬಿಟ್ಟು ಕಾಗದಕ್ಕೆ ಇಳಿದರೆ ಅವನೂ ನನ್ನ ಹಾಗೆಯೇ. ಹೀಗಾಗಿ ಬರೆಯುವವನನ್ನು ಹುಡುಕಲೇಬೇಕಾಯಿತು, ಹುಡುಕಾಟಕ್ಕೆ ಜೊತೆಯಾಗಿ ಮಗಳಾದ ನಾನು ಹೊರಟೆ.

ಹೊರಡುವಾಗ ಅವ್ವ ಒಂದೇ ಮಾತು ಹೇಳಿದಳು: "ಬರದದ್ದನ್ನ ತಿರುಗಿ ನಮ್ಮ ಮಾತಿನಾಗ ಓದಿ ಹೇಳಾಂವನ ಕಡೆ ಬರಸ್ರಿ. ಓದಿ ಹೇಳದಾಂವ ಬ್ಯಾಡ." ಅವಳಿಗೆ ಈ ನಿಯಮ ಎಲ್ಲಿಂದ ಬಂತೆಂದು ನಾನು ಆಗ ಕೇಳಲಿಲ್ಲ.

ಮೊದಲು ಹೋದದ್ದು ಊರಿನಲ್ಲೇ ಇದ್ದ ಸಂಸ್ಥಾನದ ಹಳೆಯ ಕಾರಕೂನರ ಹತ್ತಿರ. ಎಷ್ಟೋ ವರ್ಷ ದರಬಾರಿಗೆ ಹೋಗುವ ಅರ್ಜಿಗಳನ್ನೆಲ್ಲ ಅವರೇ ಬರೆದವರು. ಅವರ ಕೈಬರಹ ಕಂಡರೆ ಕೆಲಸ ಆದಂತೆಯೇ ಎಂದು ಜನ ನಂಬಿದ್ದರು. ಇಂಗ್ಲೀಷ್ ಆಮೇಲೆ ಯಾರಿಂದಲಾದರೂ ಮಾಡಿಸಿಕೊಳ್ಳಿರಿ, ಮೊದಲು ವಿಷಯ ಗಟ್ಟಿಯಾಗಬೇಕು ಎಂದು ಅವರು ಮೋಡಿ ಲಿಪಿಯ ಮರಾಠಿಯಲ್ಲಿ ಮೂರು ಪುಟ ಬರೆದರು. ಬರೆದದ್ದನ್ನು ಓದಿಯೂ ಹೇಳಿದರು, ಅದೂ ರಾಗವಾಗಿ. ನನ್ನ ಅಜ್ಜ ಅರಮನೆಯ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಿದ್ದುದು, ಒಂದು ನಾಯಿಗೆ ಜ್ವರ ಬಂದಾಗ ಮೂರು ದಿನ ಅದರ ಪಕ್ಕ ಕುಳಿತದ್ದು, ಅಜ್ಜನ ಅಪ್ಪ ಕುದುರೆಯ ಲಗಾಮು ಹಿಡಿದು ಕೊಲ್ಹಾಪುರದ ತನಕ ನಡೆದದ್ದು, ಎಲ್ಲ ಅದರಲ್ಲಿತ್ತು. ಅಪ್ಪನ ಕಣ್ಣಲ್ಲಿ ನೀರು ಬಂತು. ಮೂರನೆಯ ಪುಟದ ಕೊನೆಯಲ್ಲಿ, ಇಂಥವರ ಮಗನಾದ ನಾನು ತಮ್ಮ ಪಾದದ ಬಳಿ ಇದ್ದೇನೆ ಎಂಬಲ್ಲಿಗೆ ಅರ್ಜಿ ಮುಗಿಯಿತು.

ಸಂಸ್ಥಾನದಲ್ಲಿ ಅದೇ ಪದ್ಧತಿ. ಹಿರಿಯರು ಯಾರು, ಅವರು ಯಾರ ಅನ್ನ ಉಂಡವರು ಎಂಬುದು ಗೊತ್ತಾದರೆ ಸಾಕು, ನಿನಗೆ ಏನು ಬರುತ್ತದೆ ಎಂದು ಕೇಳುವುದು ಅವಮಾನ ಮಾಡಿದಂತೆ. ಡಾಕ್ಟರರು ಮೂರು ಪುಟವನ್ನೂ ಓದಿದರು, ನಗಲಿಲ್ಲ. "ನಾಯಿಗೋಳ ವಿಷಯ ಛಲೋ ಬಂದೈತಿ. ನಿಮ್ಮ ವಿಷಯ ಎಲ್ಲೈತ್ರಿ?" ಎಂದರು. ಅಪ್ಪನಿಗೆ ಅದು ನಿಜಕ್ಕೂ ತಿಳಿಯಲಿಲ್ಲ. ಇದೆಲ್ಲ ತನ್ನದೇ ವಿಷಯ ಎಂದು ಅವನು ತಿಳಿದಿದ್ದ.

ಎರಡನೆಯದಾಗಿ ಜಮಖಂಡಿಗೆ ಹೋದೆವು. ಕಚೇರಿಯ ಎದುರು ಬೇವಿನ ಗಿಡದ ಕೆಳಗೆ ಟೈಪ್ ಮಷಿನ್ ಇಟ್ಟುಕೊಂಡು ಒಬ್ಬ ಕೂಡುತ್ತಿದ್ದ. ಇಸ್ತ್ರಿಯ ಕೋಟು, ಕರಿ ಟೋಪಿ. ಅವನ ಮುಂದೆ ಹನ್ನೆರಡು ಮಂದಿ ಕಾದು ಕುಳಿತಿದ್ದರು. ಬೇರೆ ಬರೆಯುವವರು ಖಾಲಿ ಕುಳಿತು ನೊಣ ಹೊಡೆಯುತ್ತಿದ್ದರು. ಮಂದಿ ಎಲ್ಲಿದ್ದಾರೋ ಅಲ್ಲೇ ನಂಬಿಕೆ ಇರಬೇಕೆಂದು ಅಪ್ಪನ ಲೆಕ್ಕ. ನನಗೂ ಹಾಗೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆ ಮಷಿನ್ನಿನ ಸಪ್ಪಳಕ್ಕೆ ನಾನೂ ಮರುಳಾಗಿದ್ದೆ.

ನಮ್ಮ ಸರದಿ ಬಂದಾಗ ಅವನು ಹೆಸರು, ಊರು, ಯಾವ ಹುದ್ದೆ ಬೇಕು ಎಂದಷ್ಟೇ ಕೇಳಿದ. ಟಪಟಪ ಎಂದು ಎರಡು ಹಾಳೆ ಹೊಡೆದು ಕೊಟ್ಟ. ಅವ್ವನ ಮಾತು ನೆನಪಾಗಿ ನಾನು, "ಕನ್ನಡದಾಗ ಒಮ್ಮೆ ಓದಿ ಹೇಳ್ರಿ" ಎಂದೆ.

"ಇದು ಸರಕಾರಿ ಇಂಗ್ಲೀಷ್ ಐತಿ ತಂಗಿ. ಕನ್ನಡದಾಗ ಹೇಳಿದ್ರ ಇದರ ವಜನ ಹೋಗ್ತೈತಿ" ಎಂದು ಅವನು ಮುಂದಿನವನನ್ನು ಕರೆದ.

ಮೋಟಾರಿನಲ್ಲಿ ಅಪ್ಪ ಖುಷಿಯಲ್ಲಿದ್ದ. "ಕೆಲಸಾ ಗೊತ್ತಿದ್ದಾಂವ ಕೇಳೂದಿಲ್ಲ ಬೇ. ಡಾಕ್ಟರ್ ನಾಡಿ ಹಿಡದರ ಸಾಕು, ಗೊತ್ತಾಗತೈತಿ" ಎಂದ. ಹಾಳೆಗಳನ್ನು ಅಂಗಿಯೊಳಗೆ ಎದೆಯ ಮೇಲೆ ಇಟ್ಟುಕೊಂಡಿದ್ದ.

ಮನೆಯಲ್ಲಿ ಅವ್ವ ಮುಖ ಸಿಂಡರಿಸಿದಳು. ಅವಳ ಸಮಾಧಾನಕ್ಕೆಂದು ಅಪ್ಪ ಹಾಳೆಗಳನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ನೋಡತೊಡಗಿದ. ಮೊದಲನೆಯ ಸಾಲಿನಿಂದ ಕೊನೆಯ ಸಾಲಿನ ತನಕ ಬೆರಳು ಹೋಯಿತು. ಮತ್ತೆ ಮೇಲಿನಿಂದ ಬಂತು. ಮೂರನೆಯ ಸಲ ಮುಗಿದ ಮೇಲೆ ಅವನು ಮೆಲ್ಲಗೆ ಹೇಳಿದ: "ಇದರಾಗ ಒಂದ ಔಷಧದ ಹೆಸರೂ ಇಲ್ಲ."

ಅವನು ಓದಬಲ್ಲ ಇಂಗ್ಲೀಷು ಅಷ್ಟೇ ಆಗಿತ್ತು, ಅದು ಆ ಎರಡು ಹಾಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಕಂಪೌಂಡರನ ಅರ್ಜಿಯಲ್ಲಿ ಔಷಧ ಇಲ್ಲದಿದ್ದರೆ ಮತ್ತೇನಿದೆ ಎಂದು ಮೂವರೂ ಹಾಳೆಗಳನ್ನು ನೋಡುತ್ತ ಕುಳಿತೆವು. ಡಾಕ್ಟರರಿಗೆ ಎರಡನೆಯ ಸಲ ತೋರಿಸುವುದಕ್ಕೆ ಅಪ್ಪನಿಗೆ ನಾಚಿಕೆ. ಬನಹಟ್ಟಿಯಲ್ಲಿ ಅಪ್ಪನ ತಂಗಿ, ನಮ್ಮ ಅತ್ತೆ, ಇದ್ದಳು. ಅವರ ಓಣಿಯಲ್ಲಿ ನೂಲಿನ ವ್ಯಾಪಾರಿಗಳಿಗೆ ಮುಂಬೈ, ಸೊಲ್ಲಾಪುರದ ಪತ್ರ ಬರೆದು ಕೊಡುವ ಒಬ್ಬರಿದ್ದಾರೆ, ಇಂಗ್ಲೀಷ್ ಬಲ್ಲವರು ಎಂದು ಅವ್ವನೇ ನೆನಪಿಸಿದಳು. ಬರೆಸುವುದಕ್ಕಲ್ಲ, ಓದಿಸುವುದಕ್ಕೆ ಎಂದು ಅಪ್ಪ ಒಪ್ಪಿದ.

ಬನಹಟ್ಟಿಯ ಆ ಮನುಷ್ಯರು ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತಿದ್ದರು. ಅಂಗಿಯ ತೋಳಿಗೆ ಮಸಿ. ಅವರ ಮುಂದೆ ಯಾರೂ ಇರಲಿಲ್ಲ. ಹಿಂದಿನ ಮನೆಯಲ್ಲಿ ಮಗ್ಗ ನಡೆದಿತ್ತು, ಅದರ ಸಪ್ಪಳದ ನಡುವೆಯೇ ಅವರು ಹಾಳೆಗಳನ್ನು ಓದಿ ಕನ್ನಡ ಮಾಡಿ ಹೇಳಿದರು. ಪುಣೆಯಲ್ಲಿ ಕಂಪೌಂಡರ್ ಪರೀಕ್ಷೆ ಪಹಿಲೇ ವರ್ಗದಲ್ಲಿ, ಅಂದರೆ ಮೊದಲನೆಯ ದರ್ಜೆಯಲ್ಲಿ, ಪಾಸಾಗಿದ್ದೇನೆ. ನಾನು ಉತ್ತಮ ಕುಲದವನು, ಉತ್ತಮ ನಡತೆಯವನು, ಎಲ್ಲ ಕೆಲಸದಲ್ಲೂ ನಿಪುಣನು. ಇಷ್ಟು ಓದಿ ಅವರು ಕನ್ನಡಕ ತೆಗೆದರು.

"ಪುಣೆಯೊಳಗ ಯಾವ ವರ್ಷ ಇದ್ರಿ?"

ಅಪ್ಪ ಪುಣೆಯನ್ನು ಕಂಡವನೇ ಅಲ್ಲ.

"ಈ ವಾರದಾಗ ಇಂಥಾದ್ದು ನಾ ಓದೂದು ಎರಡನೇದ್ದು. ಜಮಖಂಡಿಯೊಳಗ ಡಾಕ್ಟರ ಟಾಂಗಾ ಹೊಡೀತಿದ್ದಾಂವ ಒಬ್ಬ ತಂದಿದ್ದ. ಅಂವನೂ ಪುಣೆದಾಗ ಪಹಿಲೇ ವರ್ಗನ."

ನನಗೆ ನಗು ಬಂತು, ಅಪ್ಪನ ಮುಖ ನೋಡಿ ನುಂಗಿಕೊಂಡೆ. ಅಪ್ಪ, "ಎಲ್ಲಾರೂ ಹಂಗ ಬರಸ್ತಾರಂತ ಅಂದ್ರ..." ಎಂದು ಅರ್ಧಕ್ಕೆ ನಿಲ್ಲಿಸಿದ.

"ಹಾಕೂದಿದ್ರ ಹಾಕ್ರಿ, ನಾ ಬ್ಯಾಡ ಅನ್ನಾಕ ಯಾರು. ಸರ್ಟಿಫಿಕೇಟ್ ತೋರಸು ಅಂದ್ರ ಏನ್ ತೋರಸ್ತೀರಿ, ಅಷ್ಟ ವಿಚಾರ ಮಾಡ್ರಿ."

ಹಾಗಾದರೆ ನೀವೇ ಬರೆದುಕೊಡಿರಿ ಎಂದು ನಾನು ಹೇಳಿಬಿಟ್ಟೆ. ಅಪ್ಪ ನನ್ನ ಕಡೆ ಕಣ್ಣು ಬಿಟ್ಟ. ಅವರು ಒಂದು ಹಳೆಯ ಹಾಳೆಯ ಹಿಂಬದಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳತೊಡಗಿದರು. ಬೆಳಿಗ್ಗೆ ಎಷ್ಟಕ್ಕೆ ಬೀಗ ತೆಗೆಯುತ್ತೀರಿ. ಮೊದಲು ಯಾವ ಕೆಲಸ. ಯಾವ್ಯಾವ ಔಷಧ ನೀವೇ ಕೂಡಿಸುತ್ತೀರಿ, ಯಾವುದು ಡಾಕ್ಟರರ ಎದುರು ಮಾತ್ರ. ಬಾಟಲಿ ಯಾರದು, ದವಾಖಾನೆಯದೋ ರೋಗಿಯದೋ. ಓದು ಬರದವರಿಗೆ ಎಷ್ಟು ಕುಡಿಯಬೇಕೆಂದು ಹೇಗೆ ತಿಳಿಸುತ್ತೀರಿ. ಗಾಯ ಕಟ್ಟುತ್ತೀರೋ ಇಲ್ಲವೋ.

ಅಪ್ಪ ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತ ಹೋದ. ಅವರು ನೀರು ಕುಡಿಯಲು ಒಳಗೆ ಎದ್ದುಹೋದಾಗ ನನ್ನ ಕಿವಿಯಲ್ಲಿ ಹೇಳಿದ: "ಇವರಿಗೆ ಕೆಲಸಾನ ಗೊತ್ತಿಲ್ಲ ಬೇ. ಎಲ್ಲಾ ನನ್ನ ಕೇಳಾಕತ್ತಾರ. ನನಗ ಬರೂದಿದ್ರ ಇಲ್ಲಿಗಿ ಯಾಕ ಬರತಿದ್ನಿ?"

ನಮ್ಮ ಕಡೆಯ ಜನರ ತಪ್ಪೆಲ್ಲ ಈ ಒಂದು ಮಾತಿನಲ್ಲಿದೆ ಎಂದು ಈಗ ಅನಿಸುತ್ತದೆ. ಕೇಳದೆ ಬರೆದವನನ್ನು ಬಲ್ಲವನೆಂದೂ ಕೇಳಿ ಬರೆಯುವವನನ್ನು ತಿಳಿಯದವನೆಂದೂ ಎಷ್ಟು ಮನೆಗಳು ಆ ವರ್ಷ ತಿಳಿದವೋ. ಆಗ ಮಾತ್ರ ನನಗೂ ಹಸಿವಾಗಿತ್ತು, ಬೇಗ ಮುಗಿದರೆ ಸಾಕಾಗಿತ್ತು.

ಅವರು ಹಿಂದಿರುಗಿ ಬಂದು ಕುಳಿತು, ಸಾಮಾನ್ಯ ಪ್ರಶ್ನೆಯಂತೆಯೇ ಕೇಳಿದರು: "ಇಪ್ಪತ್ತೆರಡು ವರ್ಷದಾಗ ಎಂದಾದ್ರೂ ತಪ್ಪು ಔಷಧ ಕೊಟ್ಟೀರೇನು?"

ಅಪ್ಪ ಎದ್ದು ನಿಂತ. ರುಮಾಲು ಸರಿ ಮಾಡಿಕೊಂಡ. ನಾವು ಹೊರಟೇ ಬಿಡುತ್ತೇವೆ ಎಂದುಕೊಂಡು ನಾನೂ ಎದ್ದೆ. ಅವನು ಹೋಗಲಿಲ್ಲ. ನಿಂತುಕೊಂಡೇ, ಮಗ್ಗದ ಮನೆಯ ಬಾಗಿಲ ಕಡೆ ನೋಡುತ್ತ ಹೇಳಿದ.

"ಒಮ್ಮೆ."

ನಾನು ಹುಟ್ಟುವ ಮುಂಚಿನ ಮಾತು. ಆಗೆಲ್ಲ ರೋಗಿಗಳೇ ಮನೆಯಿಂದ ಖಾಲಿ ಬಾಟಲಿ ತರುತ್ತಿದ್ದರು. ಕಂಪೌಂಡರ್ ಔಷಧ ತುಂಬಿ, ಗುಟುಕಿನ ಅಳತೆಗೆ ಕಚ್ಚು ಹಾಕಿದ ಕಾಗದದ ಪಟ್ಟಿಯನ್ನು ಅಂಟಿಸಿ ಕೊಡುತ್ತಿದ್ದ. ಹೊಳೆಯಾಚೆಯ ಹಳ್ಳಿಯ ಹೆಂಗಸೊಬ್ಬಳು ಒಂದೇ ತರಹದ ಎರಡು ಬಾಟಲಿ ತಂದಿದ್ದಳು. ಒಂದರಲ್ಲಿ ಕೂಸಿಗೆ ಕೆಮ್ಮಿನ ಔಷಧ, ಇನ್ನೊಂದರಲ್ಲಿ ಅವಳ ಅತ್ತೆಯ ಮೊಣಕಾಲಿಗೆ ಹಚ್ಚುವ, ಹೊಟ್ಟೆಗೆ ಹೋದರೆ ವಿಷವಾಗುವ ಔಷಧ. ಅಪ್ಪ ಕೆಮ್ಮಿನ ಔಷಧದ ಪಟ್ಟಿಯನ್ನು ಹಚ್ಚುವ ಔಷಧದ ಬಾಟಲಿಗೆ ಅಂಟಿಸಿದ. ಮಧ್ಯಾಹ್ನ ಊಟಕ್ಕೆ ಕುಳಿತಾಗ ತುತ್ತು ಬಾಯಿಗೆ ಹೋಗುವ ಹೊತ್ತಿಗೆ ಅವನಿಗೆ ಹೊಳೆಯಿತು. ಯಾರದೋ ಸೈಕಲ್ ಹಿಡಿದು ಹೋದ. ಹೊಳೆಯ ಹತ್ತಿರ ಸೈಕಲ್ ಎಸೆದು ನೀರಲ್ಲಿ ನಡೆದ.

"ಹೋಗಿ ನೋಡಿದ್ರ ತಾಯಿ ಚಮಚಾ ಹಿಡಕೊಂಡು ಕುಂತಿದ್ಳು. ಕೂಸು ಮಲಗಿತ್ತು, ಎದ್ದ ಮ್ಯಾಲ ಹಾಕೂಣು ಅಂತ ಕಾದಿದ್ಳು. ಅದು ಮಲಗಿತ್ತಂತ ಉಳೀತು, ನನ್ನ ಶ್ಯಾಣೇತನದಿಂದ ಅಲ್ಲ."

ಮರುದಿನದಿಂದ ಅಪ್ಪ ಹಚ್ಚುವ ಔಷಧದ ಪ್ರತಿ ಬಾಟಲಿಯ ಕುತ್ತಿಗೆಗೂ ಕೆಂಪು ನೂಲು ಕಟ್ಟತೊಡಗಿದ. ಕೆಂಪು ದಾರ ಇದ್ದದ್ದು ಬಾಯಿಗಲ್ಲ ಎಂದು ಹೇಳಿ, ತಿರುಗಿ ರೋಗಿಯ ಬಾಯಿಂದಲೇ ಅದನ್ನು ಹೇಳಿಸಿದ ಮೇಲೆ ಬಾಟಲಿ ಕೈಗೆ ಕೊಡುತ್ತಿದ್ದ.

ನನಗೆ ಆ ನೂಲು ಗೊತ್ತಿತ್ತು. ಅತ್ತೆ ಬನಹಟ್ಟಿಯಿಂದ ವರ್ಷಕ್ಕೊಮ್ಮೆ ಕೆಂಪು ನೂಲಿನ ಲಡಿ ಕಳಿಸುತ್ತಿದ್ದಳು. ಅವ್ವ ಅದನ್ನು ಗೇಣುದ್ದ ಕತ್ತರಿಸಿ ಡಬ್ಬಿಯಲ್ಲಿ ತುಂಬಿಡುತ್ತಿದ್ದಳು. ದೃಷ್ಟಿಯಾಗದಂತೆ ದವಾಖಾನೆಗೆ ಒಯ್ಯುತ್ತಾನೆಂದು ನಾನು ತಿಳಿದಿದ್ದೆ, ಗೆಳತಿಯರಿಗೂ ಹಾಗೇ ಹೇಳಿದ್ದೆ. ತಿರುಗಿ ಓದಿ ಹೇಳುವವನೇ ಬೇಕು ಎಂದು ಅವ್ವ ಯಾಕೆ ಹಟ ಹಿಡಿದಳೆಂದೂ ಆ ಕಟ್ಟೆಯ ಮೇಲೆ ತಿಳಿಯಿತು. ಅವಳಿಗೆ ಎಲ್ಲ ಗೊತ್ತಿತ್ತು, ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ನನ್ನ ಅಪ್ಪ ಒಂದು ಕೂಸನ್ನು ಕೊಲ್ಲುವುದರಲ್ಲಿದ್ದ. ಅವನ ಮುಖ ನೋಡಲಾಗಲಿಲ್ಲ.

ಬರೆಯುವವರು ಅಷ್ಟನ್ನೂ ಬರೆದುಕೊಂಡಿದ್ದರು.

"ಇದನ್ನ ಹಾಕಬ್ಯಾಡ್ರಿ" ಎಂದ ಅಪ್ಪ. "ಹಾಕಿದ್ರ ಅವರು ಮೊದಲ ನನ್ನ ತಗದ ಒಗೀತಾರ."

"ಆಗದ್ದನ್ನ ನಾ ಬರಿಯೂದಿಲ್ರಿ. ಆದದ್ದನ್ನ ಬಿಡೂದು ನಿಮ್ಮ ಮರ್ಜಿ. ಖರೆ, ದಾರ ಯಾಕ ಕಟ್ಟತೀರಿ ಅಂತ ಹೇಳದ ದಾರ ಕಟ್ಟತೇನಿ ಅಂತ ಅಷ್ಟ ಬರದರ ಓದಿದವರಿಗೆ ಅರ್ಥ ಆಗೂದಿಲ್ಲ. ನಾಳೆ ಬೆಳಿಗ್ಗೆ ಹೇಳ್ರಿ."

ಆ ದಿನ ಅತ್ತೆಯ ಮನೆಯಲ್ಲೇ ಉಳಿದೆವು. ಅತ್ತೆ ಜುಣಕ ಮಾಡಿದ್ದಳು, ಅಪ್ಪ ಒಂದು ರೊಟ್ಟಿಗೇ ಕೈ ತೊಳೆದ. ಬೆಳಿಗ್ಗೆ ಕಟ್ಟೆಯ ಹತ್ತಿರ ಹೋದಾಗ ಅವನು ಕೂಡಲೂ ಇಲ್ಲ. "ಬರೀರಿ" ಎಂದ, ಅಷ್ಟೇ.

ಅರ್ಜಿ ಒಂದೂವರೆ ಪುಟ ಆಯಿತು. ಕೈಬರಹ, ಟೈಪ್ ಅಲ್ಲ. ಅವರು ಸಾಲು ಸಾಲಿಗೆ ನಿಲ್ಲಿಸಿ ಕನ್ನಡದಲ್ಲಿ ಹೇಳಿ, ಅಪ್ಪ ಹೌದು ಎಂದ ಮೇಲೆ ಮುಂದಿನ ಸಾಲಿಗೆ ಹೋದರು. ಪರೀಕ್ಷೆ ಪಾಸಾಗಿಲ್ಲ ಎಂದೂ ಇತ್ತು. ಔಷಧಗಳ ಹೆಸರು ಬಂದಲ್ಲಿ ಅಪ್ಪ ಬೆರಳಿಟ್ಟು ತಾನೇ ಓದಿದ, ಹದಿನೇಳು ಹೆಸರುಗಳಿದ್ದವು. ಕೂಸಿನ ಸಾಲು ಬಂದಾಗ ಹೌದು ಎನ್ನುವುದಕ್ಕೆ ಅವನಿಗೆ ಹೊತ್ತು ಹಿಡಿಯಿತು. ಕೊನೆಗೆ, ಇದನ್ನು ಅರ್ಜಿದಾರನಿಗೆ ಓದಿ ಹೇಳಿದ್ದೇನೆ ಎಂದು ಬರೆದು ಅವರು ತಮ್ಮ ಸಹಿಯನ್ನೂ ಹಾಕಿದರು. ಜಮಖಂಡಿಯ ಹಾಳೆಗಳ ಮೇಲೆ ಬರೆದವನ ಸಹಿ ಇರಲಿಲ್ಲ ಎಂಬುದು ಆಗ ನೆನಪಾಯಿತು. ಆ ಹಾಳೆಗಳನ್ನು ಅವ್ವ ಚೌಕಾಗಿ ಕತ್ತರಿಸಿ ಅಪ್ಪನಿಗೆ ಪುಡಿ ಕಟ್ಟಲು ಕೊಟ್ಟಳು. ಪುಣೆಯ ಪಹಿಲೇ ವರ್ಗ ಮುಧೋಳದ ಹೊಟ್ಟೆನೋವಿನವರ ಮನೆಗಳಿಗೆ ಹೀಗೆ ಹಂಚಿಹೋಯಿತು.

ಹುಕುಂ ಬರಲು ಮೂರು ತಿಂಗಳು ಹಿಡಿಯಿತು. ಅಪ್ಪನನ್ನು ಇಟ್ಟುಕೊಂಡಿದ್ದರು. ಕಂಪೌಂಡರ್ ಆಗಿ ಅಲ್ಲ, ಡ್ರೆಸ್ಸರ್ ಆಗಿ, ಬೀಳಗಿಯ ದವಾಖಾನೆಗೆ. ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಔಷಧದ ಕಪಾಟಿನ ಕೀಲಿ ಇನ್ನು ಅವನ ಕೈಯಲ್ಲಿ ಇರುವುದಿಲ್ಲ. ಪರೀಕ್ಷೆ ಇಲ್ಲದ್ದಕ್ಕೋ ಕೂಸಿನ ಸಾಲಿಗೋ, ಹುಕುಮಿನಲ್ಲಿ ಕಾರಣ ಬರೆದಿರಲಿಲ್ಲ, ನಮಗೆ ಎಂದೂ ಗೊತ್ತಾಗಲೂ ಇಲ್ಲ. ಅನ್ನ ಉಳಿಯಿತು ಎಂದು ಅವ್ವ ದೇವರಿಗೆ ದೀಪ ಹಚ್ಚಿದಳು. ಹಚ್ಚಿ ಬಂದು ಅತ್ತಳು.

ಅದೇ ವಾರ ಇನ್ನೊಂದು ಸುದ್ದಿ ಬಂತು. ಜಮಖಂಡಿಯ ಆ ಟಾಂಗಾದವನು ಯಾವುದೋ ಹಳ್ಳಿಯ ದವಾಖಾನೆಗೆ ಕಂಪೌಂಡರ್ ಆಗಿ ಹೊರಟಿದ್ದಾನೆ ಎಂದು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬನಹಟ್ಟಿಗೆ ನಮ್ಮನ್ನು ಕಳಿಸಿದ್ದು ಅವ್ವ, ನೀವೇ ಬರೆಯಿರಿ ಎಂದು ಬಾಯಿ ಹಾಕಿದ್ದು ನಾನು. ಇಬ್ಬರೂ ಕೂಡಿ ಅಪ್ಪನ ಸ್ಟೂಲು ಕಸಿದೆವು ಎನಿಸಿತು. "ಆ ಜಮಖಂಡಿ ಅರ್ಜೀನ ಕೊಟ್ಟಿದ್ರ ಆಗತಿತ್ತು" ಎಂದೆ. ಅಪ್ಪ ಬೇರೆ ಏನನ್ನೋ ವಿಚಾರ ಮಾಡುತ್ತಿದ್ದ.

"ಅಂವಂಗ ಯಾವ ಬಾಟ್ಲಿ ಎಂಥಾದ್ದು ಅಂತ ಗೊತ್ತಿರೂದಿಲ್ಲ" ಎಂದ. ಆಮೇಲೆ ಅವ್ವನಿಗೆ, "ಆ ನೂಲಿನ ಡಬ್ಬಿ ಕೊಡು" ಎಂದ.

ಮರುದಿನ ಜಮಖಂಡಿಗೆ ಹೋದೆವು. ನಾನು ಯಾಕೆ ಹೋದೆನೋ ಗೊತ್ತಿಲ್ಲ. ಮುಖ ಊದಿಸಿಕೊಂಡೇ ಹೋದೆ. ಟಾಂಗಾದವನ ಮನೆ ಸಿಗುವುದು ಕಷ್ಟವಾಗಲಿಲ್ಲ, ಅವನು ಕಂಪೌಂಡರ್ ಆದ ಸುದ್ದಿ ಓಣಿಗೆಲ್ಲ ಗೊತ್ತಿತ್ತು. ತೆಳ್ಳಗಿನ ಮನುಷ್ಯ, ಅಪ್ಪನಿಗಿಂತ ಚಿಕ್ಕವನು. ಅಪ್ಪ ಮುಧೋಳದಲ್ಲಿ ಕಂಪೌಂಡರ್ ಆಗಿದ್ದವನೆಂದು ತಿಳಿದಾಗ ಜಗಳಕ್ಕೆ ಬಂದಿದ್ದೇವೆಂದು ಹೆದರಿ ಗೋಡೆ ಹಿಡಿದು ನಿಂತ. ಅಪ್ಪ ಚಾಪೆಯ ಮೇಲೆ ಕುಳಿತು ಡಬ್ಬಿ ಮುಂದಿಟ್ಟು, ಎರಡು ಬಾಟಲಿಯ ಕಥೆಯನ್ನು ಮೊದಲಿನಿಂದ ಹೇಳಿದ. ಯಾವುದಕ್ಕೆ ದಾರ ಕಟ್ಟಬೇಕು, ರೋಗಿಯ ಬಾಯಿಂದ ಹೇಗೆ ಹೇಳಿಸಬೇಕು, ಯಾವ ಆರು ಔಷಧವನ್ನು ಡಾಕ್ಟರರು ಇಲ್ಲದಾಗ ಮುಟ್ಟಲೇಬಾರದು, ಎಲ್ಲ ಹೇಳಿದ. ಹೇಳಿ ಅವನಿಂದ ತಿರುಗಿ ಹೇಳಿಸಿದ. ಅವನು ಎರಡು ಕಡೆ ತಪ್ಪಿದ, ಅಪ್ಪ ಮತ್ತೆ ಹೇಳಿಸಿದ.

ಎಲ್ಲ ಮುಗಿದ ಮೇಲೆ ಟಾಂಗಾದವನು ತಲೆ ತಗ್ಗಿಸಿ ಕೇಳಿದ: "ಆ ಕೂಸಿನ ಮಾತು ನೀವು ಅರ್ಜಿಯೊಳಗ ಬರಸಿದ್ರೇನ್ರಿ?"

"ಬರಸಿದ್ನಿ" ಎಂದ ಅಪ್ಪ. "ಅಲ್ಲಿ ಒಮ್ಮೆ ಹೇಳಿದ್ದಕ್ಕ ಇಲ್ಲಿ ನಿನಗ ಹೇಳಾಕ ಬಾಯಿ ಬಂತು."

ಅವನು ಡಬ್ಬಿಯನ್ನು ಎರಡೂ ಕೈಯಿಂದ ತೆಗೆದುಕೊಂಡ.